ಮನೆಯಲ್ಲೇ ವೀಲ್ ಅಲೈನ್‌ಮೆಂಟ್: ದಾರ ಸರಿಯಾಗಿ ಕಟ್ಟಿದರೆ ಮುಕ್ಕಾಲು ಕೆಲಸ ಮುಗೀತು

ವೀಲ್ ಅಲೈನ್‌ಮೆಂಟ್ ಅಂದರೆ ಚಕ್ರಗಳು ಸರಿಯಾದ ಕೋನಕ್ಕೆ ನಿಲ್ಲುವಂತೆ ಹೊಂದಿಸುವುದು. ಅದಕ್ಕಾಗಿ ಹಿಂದಿನ ಟೈರಿಗೆ ದಾರ ಒತ್ತಿ ಹಿಡಿದು, ಅದನ್ನೇ ಮುಂದಿನ ಟೈರಿನವರೆಗೆ ಎಳೆದು, "ನೋಡಿ, ಚಕ್ರ ಹೊರಗೆ ತಿರುಗಿದೆ" ಅಂತ ತೀರ್ಮಾನ ಮಾಡಿ ಸ್ಪ್ಯಾನರ್ ಕೈಗೆತ್ತಿಕೊಳ್ಳುವವರನ್ನು ಸಾಕಷ್ಟು ನೋಡಿದ್ದೇನೆ. ಅವರ ಕಾರು ಮೊದಲಿಗಿಂತ ಜಾಸ್ತಿ ಟೈರ್ ತಿನ್ನುತ್ತದೆ. ನಟ್ ತಿರುಗಿಸುವುದು ಯಾರಿಗಾದರೂ ಬರುತ್ತದೆ, ಅಳೆಯುವುದೇ ಕಷ್ಟದ ಭಾಗ.

ಮೊದಲು ಒಂದು ಮಾತು. ಇಲ್ಲಿ ಹೇಳುವುದು ಸ್ವಿಫ್ಟ್, ಐ10 ತರದ ಸಾಮಾನ್ಯ ಫ್ರಂಟ್ ವೀಲ್ ಡ್ರೈವ್ ಕಾರುಗಳಿಗೆ. ಇವುಗಳ ಹಿಂದಿನ ಆಕ್ಸಲ್‌ನಲ್ಲಿ ಹೊಂದಿಸಲು ಏನೂ ಇಲ್ಲ. ಮುಂದೆ ಕೂಡ ಮನೆಯಲ್ಲಿ ಹೊಂದಿಸಬಹುದಾದದ್ದು ಒಂದೇ, ಟೋ. ನಾವು ಕಾಲ್ಬೆರಳು ಒಳಗೆ ಮಾಡಿ ನಿಂತ ಹಾಗೆ ಎರಡು ಚಕ್ರಗಳ ಮುಂಭಾಗ ಒಳಗೆ ವಾಲಿದ್ದರೆ ಟೋ ಇನ್, ಹೊರಗೆ ಹೋಗಿದ್ದರೆ ಟೋ ಔಟ್. ಕ್ಯಾಂಬರ್, ಕ್ಯಾಸ್ಟರ್ ಎಂಬ ಉಳಿದ ಎರಡು ಕೋನಗಳ ಸುದ್ದಿಗೆ ಹೋಗಬೇಡಿ. ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್ (ಪ್ರತಿ ಚಕ್ರಕ್ಕೂ ಹಲವು ತೋಳುಗಳ ಜೋಡಣೆ) ಇರುವ ಕಾರು, ಗಾಜಿನ ಮೇಲೆ ಲೇನ್ ನೋಡುವ ಕ್ಯಾಮೆರಾ ಇರುವ ಕಾರು ಇದ್ದರೆ ಸುಮ್ನೆ ಅಂಗಡಿಗೆ ಕೊಡಿ.

ಇನ್ನೊಂದು, 80–100 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ನಡುಗಿದರೆ ಸಾಮಾನ್ಯವಾಗಿ ಅದು ಬ್ಯಾಲೆನ್ಸಿಂಗ್ ತೊಂದರೆ, ಅಂದರೆ ಚಕ್ರದ ಸುತ್ತ ತೂಕ ಸಮವಾಗಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹೆಜ್ಜೆ 1: ಸಡಿಲ ಇದೆಯಾ ನೋಡಿ

ಮುಂದಿನ ಚಕ್ರ ಎತ್ತಿ, ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ಜಾಗದಲ್ಲಿ ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ. ಕಟಕ್ ಅಂದರೆ ಹೆಚ್ಚಾಗಿ ಟೈ ರಾಡ್ ಎಂಡ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರವನ್ನು ತಿರುಗಿಸುವ ರಾಡಿನ ತುದಿಯ ಕೀಲು) ಸವೆದಿರುತ್ತದೆ. ಹನ್ನೆರಡು ಮತ್ತು ಆರು ಗಂಟೆಯ ಜಾಗದಲ್ಲಿ ಅಲ್ಲಾಡಿದರೆ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಸೇರಿಸುವ ಕೀಲು) ಅಥವಾ ಬೇರಿಂಗ್. ಇವನ್ನು ಬದಲಾಯಿಸದೆ ಅಲೈನ್‌ಮೆಂಟ್ ಮಾಡಿ ಪ್ರಯೋಜನ ಇಲ್ಲ, ಮುಂದಿನ ಹಂಪ್‌ನಲ್ಲೇ ಅಳತೆ ಬದಲಾಗುತ್ತದೆ. ನಾಲ್ಕೂ ಟೈರಿಗೆ ಕಾರಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟು ಗಾಳಿ ಹಾಕಿಸಿ, ಡಿಕ್ಕಿ ಖಾಲಿ ಮಾಡಿ.

ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಕೈ, ತಲೆ ಹಾಕಬೇಡಿ. ಹಾಲೋ ಬ್ಲಾಕ್, ಇಟ್ಟಿಗೆ ಇಟ್ಟು ನಿಲ್ಲಿಸುವುದಂತೂ ಬೇಡವೇ ಬೇಡ, ಅವು ಸೂಚನೆ ಕೊಡದೆ ಒಡೆಯುತ್ತವೆ. ಒಂದು ಜೊತೆ ಜಾಕ್ ಸ್ಟ್ಯಾಂಡ್ (ಎತ್ತಿದ ಕಾರಿಗೆ ಆಸರೆ ಕೊಡುವ ಕಬ್ಬಿಣದ ಸ್ಟ್ಯಾಂಡ್) ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ.

ಹೆಜ್ಜೆ 2: ರಿಮ್ ಎಷ್ಟು ಸೊಟ್ಟ?

ನಮ್ಮ ರಸ್ತೆ ಗುಂಡಿಗಳಲ್ಲಿ ಓಡಿದ ರಿಮ್ ನೇರ ಇರುತ್ತದೆ ಎಂದು ಭಾವಿಸುವುದೇ ತಪ್ಪು. ರಿಮ್ ಒಂದು ಮಿ.ಮೀ. ಓಲಾಡಿದರೆ ನಿಮ್ಮ ಅಳತೆಯೂ ಅಷ್ಟೇ ಓಲಾಡುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟಿರಲಿ. ಎತ್ತಿದ ಚಕ್ರದ ಪಕ್ಕ ಒಂದು ಡಬ್ಬ ಇಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಅಲ್ಲಾಡದ ಹಾಗೆ ಇಟ್ಟು, ತುದಿ ರಿಮ್ಮಿನ ಅಂಚಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ತನ್ನಿ. ಚಕ್ರವನ್ನು ನಿಧಾನಕ್ಕೆ ತಿರುಗಿಸಿ. ಅಂಚು ಅತಿ ಹತ್ತಿರ ಬಂದ ಜಾಗಕ್ಕೆ ಚಾಕ್‌ಪೀಸ್ ಗುರುತು ಹಾಕಿ. ಅತಿ ದೂರ ಹೋಗುವ ಜಾಗ ಸಾಮಾನ್ಯವಾಗಿ ಅದರ ಎದುರಿಗೇ ಸಿಗುತ್ತದೆ. ಈಗ ಈ ಎರಡು ಗುರುತು ನೇರ ಮೇಲೆ–ಕೆಳಗೆ ಬರುವಂತೆ ಚಕ್ರ ನಿಲ್ಲಿಸಿ. ಆಗ ಮುಂದೆ ಮತ್ತು ಹಿಂದೆ ಅಳೆಯುವ ಜಾಗಗಳಲ್ಲಿ ಸೊಟ್ಟತನದ ಕಾಟ ಇರುವುದಿಲ್ಲ. ರಿಮ್ ಒಂದೇ ಜಾಗದಲ್ಲಿ ಜಜ್ಜಿಹೋಗಿದ್ದರೆ ಈ ಉಪಾಯ ನಡೆಯದು, ಮೊದಲು ರಿಮ್ ತಟ್ಟಿಸಿ.

ಹೆಜ್ಜೆ 3: ಇಳಿಸುವುದು

ಎರಡೂ ಮುಂಚಕ್ರಗಳ ಕೆಳಗೆ ಎರಡೆರಡು ತಗಡು, ನಡುವೆ ಧಾರಾಳವಾಗಿ ಗ್ರೀಸ್. ಅದರ ಮೇಲೆ ಕಾರು ಇಳಿಸಿ, ಬಾನೆಟ್ ಮೇಲೆ ಕೈಯಿಟ್ಟು ನಾಲ್ಕು ಸಲ ಜೋರಾಗಿ ಒತ್ತಿ ಬಿಡಿ. ಇದನ್ನು ಬಿಟ್ಟರೆ ಎಲ್ಲವೂ ಹಾಳು, ಯಾಕೆಂದರೆ ಜಾಕ್‌ನಿಂದ ಇಳಿದ ಚಕ್ರ ನೆಲಕ್ಕೆ ಕಚ್ಚಿಕೊಂಡು ಒಳಗೆ ಎಳೆದುಕೊಂಡೇ ನಿಂತಿರುತ್ತದೆ, ಗ್ರೀಸ್ ತಗಡು ಇದ್ದರೆ ಮಾತ್ರ ಜಾರಿ ತನ್ನ ಜಾಗಕ್ಕೆ ಬರುತ್ತದೆ.

ಕೀ ಹಾಕಿ ಲಾಕ್ ಬಿಡಿಸಿ. ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ ಸುತ್ತು ಎಣಿಸಿ, ಅರ್ಧಕ್ಕೆ ತನ್ನಿ. ಅಲ್ಲಿ ಅದು ನೇರ ಕಾಣಬೇಕು. ಸೀಟಿಗೂ ಸ್ಟೇರಿಂಗಿಗೂ ನಡುವೆ ಕೋಲು ಕೊಟ್ಟು ಕಟ್ಟಿ.

ಹೆಜ್ಜೆ 4: ದಾರ

ಇಲ್ಲಿ ಅವಸರ ಬೇಡ. ಕಾರಿನ ಅಗಲಕ್ಕಿಂತ ಒಂದೊಂದು ಕಡೆ ಒಂದು ಗೇಣು ಜಾಸ್ತಿ ಇರುವ ಎರಡು ಕಬ್ಬಿಣದ ಪೈಪ್ ಬೇಕು. ಎಲೆಕ್ಟ್ರಿಕ್ ಕೆಲಸದ ಪಿವಿಸಿ ಪೈಪ್ ತರಬೇಡಿ, ದಾರ ಬಿಗಿದರೆ ಬಾಗುತ್ತದೆ. ಎರಡೂ ಪೈಪ್‌ಗಳನ್ನು ಜೋಡಿಸಿ ಬಿಗಿದು, ಎರಡು ತುದಿಯ ಹತ್ತಿರ ಆಕ್ಸಾ ಬ್ಲೇಡಿನಿಂದ ಒಂದೇ ಎಳೆತಕ್ಕೆ ಗೆರೆ ಕೊಯ್ಯಿರಿ. ಆಗ ಎರಡು ಪೈಪ್‌ನಲ್ಲೂ ಗೆರೆಗಳ ನಡುವಿನ ಅಂತರ ಒಂದೇ ಆಗುತ್ತದೆ. ಟೇಪ್ ಹಿಡಿದು ಬೇರೆ ಬೇರೆ ಕೊಯ್ದರೆ ಮಿ.ಮೀ. ಹೆಚ್ಚುಕಮ್ಮಿ ಆಗೇ ಆಗುತ್ತದೆ.

ಒಂದು ಪೈಪ್ ಕಾರಿನ ಮುಂದೆ, ಇನ್ನೊಂದು ಹಿಂದೆ, ಚಕ್ರದ ನಡುಮಧ್ಯದ ಎತ್ತರಕ್ಕೆ ಸ್ಟೂಲಿನ ಮೇಲೆ ಇಡಿ. ಎರಡೂ ಪಕ್ಕಕ್ಕೆ ಗಾಳದ ದಾರ ಬಿಗಿಯಾಗಿ ಎಳೆದು ಗೆರೆಯಲ್ಲಿ ಕೂರಿಸಿ. ದಾರ ಎಲ್ಲೂ ಟೈರಿಗೆ, ಬಂಪರಿಗೆ ತಾಗಬಾರದು.

ಈಗ ವೀಲ್ ಕ್ಯಾಪ್ ತೆಗೆದು, ಪ್ರತಿ ಚಕ್ರದ ಹಬ್‌ನ (ನಟ್ಟುಗಳ ನಡುವಿನ ಭಾಗ) ಮಧ್ಯದಿಂದ ದಾರಕ್ಕೆ ಅಳೆಯಿರಿ. ಮುಂದಿನ ಎಡ, ಮುಂದಿನ ಬಲ ಎರಡೂ ಒಂದೇ ಇರಬೇಕು. ಹಿಂದಿನ ಎಡ, ಹಿಂದಿನ ಬಲ ಎರಡೂ ಒಂದೇ ಇರಬೇಕು. ಆದರೆ ಮುಂದಿನದ್ದೂ ಹಿಂದಿನದ್ದೂ ಒಂದೇ ಇರಬೇಕಾಗಿಲ್ಲ! ಮುಂದೆ 140, ಹಿಂದೆ 145 ಬಂದರೆ ತಪ್ಪೇನಿಲ್ಲ. ಎಷ್ಟೋ ಕಾರುಗಳಲ್ಲಿ ಮುಂದಿನ ಚಕ್ರಗಳ ಅಂತರ, ಹಿಂದಿನ ಚಕ್ರಗಳ ಅಂತರ ಬೇರೆ ಬೇರೆ ಇರುತ್ತದೆ. ಹಿಂದಿನ ಟೈರಿಗೆ ದಾರ ಒತ್ತಿ ಹಿಡಿಯುವವರು ಎಡವುವುದು ಇಲ್ಲೇ. 2450 ಮಿ.ಮೀ. ವೀಲ್‌ಬೇಸ್ (ಮುಂಚಕ್ರದ ಮಧ್ಯದಿಂದ ಹಿಂಚಕ್ರದ ಮಧ್ಯಕ್ಕೆ ಇರುವ ದೂರ) ಇರುವ ಕಾರಿನಲ್ಲಿ ಈ 5 ಮಿ.ಮೀ. ಮರೆತರೆ ರಿಮ್ ಬಳಿ ಒಂದೊಂದು ಚಕ್ರಕ್ಕೂ ಸುಮಾರು 0.8 ಮಿ.ಮೀ. ಸುಳ್ಳು ಅಳತೆ. ಎರಡೂ ಸೇರಿದರೆ ಒಂದೂವರೆ ಮಿ.ಮೀ.! ಮುಂದಿನ ಪೈಪ್ ಸರಿಸಿದರೆ ಹಿಂದಿನ ಅಳತೆಯೂ ಸ್ವಲ್ಪ ಜರುಗುತ್ತದೆ, ಆದ್ದರಿಂದ ಮುಂದೆ ಹಿಂದೆ ಓಡಾಡಿ ನಾಲ್ಕಾರು ಸಲ ತಿದ್ದಬೇಕು. ಬೇಜಾರಾಗುತ್ತದೆ, ಆದರೂ ಬಿಡಬೇಡಿ.

ಹೆಜ್ಜೆ 5: ಓದುವುದು

ಸ್ಟೀಲ್ ಸ್ಕೇಲ್‌ನಿಂದ ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ, ಹಿಂದಿನ ಅಂಚಿನಿಂದ ದಾರಕ್ಕೆ ಅಳೆಯಿರಿ. ಟೈರಿನ ರಬ್ಬರ್ ಮೇಲೆ ಅಳೆಯಬೇಡಿ. ಒಂದು ಕಣ್ಣು ಮುಚ್ಚಿ, ದಾರವನ್ನು ತಳ್ಳದೆ, ಅರ್ಧ ಮಿ.ಮೀ. ವರೆಗೆ ಓದಿ. ಮುಂದೆ 131, ಹಿಂದೆ 130 ಬಂದರೆ ಆ ಚಕ್ರ 1 ಮಿ.ಮೀ. ಟೋ ಇನ್. 14 ಇಂಚಿನ ರಿಮ್ಮಿನಲ್ಲಿ ಇದು ಸುಮಾರು 9 ಮಿನಿಟ್ ಕೋನ, ಒಂದು ಡಿಗ್ರಿಗೆ 60 ಮಿನಿಟ್. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಎಷ್ಟಿದೆಯೋ ಅದೇ ಗುರಿ. ಅದು ಡಿಗ್ರಿಯಲ್ಲಿದ್ದರೆ ಈ ಲೆಕ್ಕ ಹಾಕಿ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಲೇಸರ್ ಉಪಕರಣಗಳಿಗೆ ದುಡ್ಡು ಸುರಿಯಬೇಡಿ. ಲೇಸರ್ ಚುಕ್ಕೆಯೇ ಎರಡು ಮಿ.ಮೀ. ದಪ್ಪ ಇದ್ದರೆ ಅರ್ಧ ಮಿ.ಮೀ. ಅಳೆಯುವುದು ಹೇಗೆ?

ಹೆಜ್ಜೆ 6: ತಿರುಗಿಸುವುದು

ಟೈ ರಾಡ್ ತಿರುಗದಂತೆ ಬಿಗಿಹಿಡಿಯುವ ಚೆಕ್ ನಟ್ಟಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹೊಡೆಯಿರಿ. ಸರಿಯಾದ ಅಳತೆಯ ಸ್ಪ್ಯಾನರ್ ಹಾಕಿ ನಟ್ ಸಡಿಲಿಸಿ. ಅಡ್ಜಸ್ಟಬಲ್ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆ ಸವೆಸಿಕೊಂಡರೆ ಆಮೇಲೆ ಯಾವ ಸ್ಪ್ಯಾನರೂ ಹಿಡಿಯದು. ರಾಡಿನ ಒಳತುದಿ ಮುಚ್ಚಿರುವ ರಬ್ಬರ್ ಬೂಟಿನ ಕ್ಲಿಪ್ ಸಡಿಲಿಸಿ, ಇಲ್ಲದಿದ್ದರೆ ಬೂಟು ತಿರುಚಿ ಹರಿಯುತ್ತದೆ. ರಾಡಿಗೆ ಚಾಕ್ ಗೆರೆ ಎಳೆದು ಕಾಲು ಸುತ್ತು ತಿರುಗಿಸಿ. ಸಣ್ಣ ಕಾರುಗಳಲ್ಲಿ ಕಾಲು ಸುತ್ತಿಗೆ ರಿಮ್ ಬಳಿ ಹೆಚ್ಚುಕಮ್ಮಿ ಒಂದು ಮಿ.ಮೀ. ಬದಲಾಗುತ್ತದೆ. ಟೈ ರಾಡ್ ಚಕ್ರದ ಮಧ್ಯಕ್ಕಿಂತ ಹಿಂದೆ ಇದ್ದರೆ ಉದ್ದ ಮಾಡಿದಷ್ಟೂ ಟೋ ಇನ್, ಮುಂದೆ ಇದ್ದರೆ ಉಲ್ಟಾ. ಎಡ ಚಕ್ರಕ್ಕೆ ಎಡ ದಾರ, ಬಲ ಚಕ್ರಕ್ಕೆ ಬಲ ದಾರ ನೋಡಿ ಹೊಂದಿಸಿ. ಹೀಗೆ ಮಾಡಿದರೆ ಸ್ಟೇರಿಂಗ್ ತಾನಾಗಿಯೇ ನೇರ ನಿಲ್ಲುತ್ತದೆ. ಒಂದೇ ಕಡೆ ತಿರುಗಿಸಿ ಒಟ್ಟು ಲೆಕ್ಕ ಸರಿಮಾಡಿದರೆ ಸ್ಟೇರಿಂಗ್ ಸೊಟ್ಟ. ಆಮೇಲೆ ಅದನ್ನು ಬಿಚ್ಚಿ ಒಂದು ಹಲ್ಲು ಸರಿಸಿ ಕೂರಿಸುವ ಅಂಗಡಿಗಳೂ ಇವೆ. ಅಂಥವರನ್ನು ಏರ್‌ಬ್ಯಾಗ್ ಇರುವ ಕಾರಿನ ಹತ್ತಿರ ಬಿಡಬೇಡಿ.

ರಾಡನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಂಡೇ ಚೆಕ್ ನಟ್ ಬಿಗಿಯಿರಿ, ಇಲ್ಲದಿದ್ದರೆ ಬಿಗಿಯುವಾಗ ಅಳತೆ ಓಡಿಹೋಗುತ್ತದೆ. ಕಾರು ಎತ್ತಿ ತಿರುಗಿಸಿದ್ದರೆ ಮತ್ತೆ ಇಳಿಸಿ, ಒತ್ತಿ ಬಿಟ್ಟು, ದಾರವನ್ನೂ ಮತ್ತೊಮ್ಮೆ ನೋಡಿ ಅಳೆಯಿರಿ.

ಓಡಿಸಿ ನೋಡುವಾಗ

ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ. ನಮ್ಮ ರಸ್ತೆ ಎಡಕ್ಕೆ ಇಳಿಜಾರು ಇರುವುದರಿಂದ ಕಾರು ಸ್ವಲ್ಪ ಎಡಕ್ಕೆ ಜಾರಿದರೆ ಗಾಬರಿ ಬೇಡ. ಜೋರಾಗಿ ಎಳೆದರೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿ (ಟೈರ್ ಮೇಲೆ ಬಾಣದ ಗುರುತು ಇಲ್ಲದಿದ್ದರೆ ಮಾತ್ರ). ಎಳೆತ ಇನ್ನೊಂದು ಪಕ್ಕಕ್ಕೆ ಹೋದರೆ ದೋಷ ಟೈರಿನದ್ದು, ಟೈ ರಾಡ್ ಮುಟ್ಟಬೇಡಿ. ಕೆಲವು ವಾರ ಓಡಿಸಿದ ಮೇಲೆ ಟೈರಿನ ಮೇಲೆ ಅಡ್ಡಡ್ಡ ಅಂಗೈ ಸವರಿ. ಹೊರಗಿನಿಂದ ಒಳಕ್ಕೆ ನಯವಾಗಿದ್ದು, ಒಳಗಿನಿಂದ ಹೊರಕ್ಕೆ ಸವರಿದಾಗ ಚುಚ್ಚಿದರೆ ಟೋ ಇನ್ ಜಾಸ್ತಿ ಇಟ್ಟಿದ್ದೀರಿ. ಉಲ್ಟಾ ಚುಚ್ಚಿದರೆ ಟೋ ಔಟ್.