ಮನೆ ಬಿಟ್ಟು ಹೊರಡಲಾಗದವರು ಫೋನಿನಲ್ಲೇ ನೆರವು ಪಡೆಯುವುದು ಹೇಗೆ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದು ಬೆಡ್‌ರೂಮಿನ ಮನೆ. ಅತ್ತೆಗೆ ಮರೆವಿನ ಕಾಯಿಲೆ. ಗಂಡ ಬೆಳಿಗ್ಗೆ ಲೋಕಲ್ ಹಿಡಿದರೆ ಮನೆಗೆ ಬರುವುದು ರಾತ್ರಿ. ಇಂಥ ಸೊಸೆಗೆ 'ಮಾಟುಂಗಾಕ್ಕೆ ಬನ್ನಿ, ಕನ್ನಡ ಸಂಘದಲ್ಲಿ ನಾಲ್ಕು ಜನರ ಜೊತೆ ಮಾತಾಡಿ' ಅಂದರೆ ಹೇಗೆ ಬರುತ್ತಾಳೆ? ಅವಳಿಗೆ ಉಳಿದಿರುವುದು ಫೋನು. ಅದರಲ್ಲಿ ನೆರವು ಬೇಕಾದಷ್ಟಿದೆ. ಆದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ 'ತುಂಬಾ ಕಷ್ಟ ಆಗ್ತಿದೆ' ಎಂದಷ್ಟೇ ಬರೆದರೆ 'ಧೈರ್ಯವಾಗಿರಿ' ಎಂಬ ಉತ್ತರ ಬರುತ್ತದೆ, ಕೈ ಮುಗಿದ ಎರಡು ಇಮೋಜಿ ಜೊತೆ. ಹಾಗಾಗಿ ಕೇಳುವ ಮುಂಚೆ ಸ್ವಲ್ಪ ತಯಾರಿ ಬೇಕು.

ಮೊದಲು ಒಂದು ವಾರ ಬರೆದಿಡಿ

ಹಳೆಯ ಡೈರಿ ಸಾಕು, ಫೋನಿನ ನೋಟ್ಸ್ ಆದರೂ ಆದೀತು. ಏನಾಯಿತು, ಎಷ್ಟು ಗಂಟೆಗೆ, ಅದಕ್ಕೆ ಮುಂಚೆ ಏನು ನಡೆದಿತ್ತು, ನೀವೇನು ಮಾಡಿದಿರಿ, ಇಷ್ಟೇ. ಉದಾಹರಣೆಗೆ: 'ಮಂಗಳವಾರ ಸಂಜೆ 5.30. ಊರಿಗೆ ಹೋಗ್ಬೇಕು ಅಂತ ಚೀಲ ಹಿಡಿದು ಬಾಗಿಲಲ್ಲಿ ನಿಂತರು. ಮಧ್ಯಾಹ್ನ ನಿದ್ದೆ ಮಾಡಿರಲಿಲ್ಲ. ಲೈಟ್ ಹಾಕಿ ಚಹಾ ಕೊಟ್ಟೆ, ಸುಮ್ಮನಾದರು.'

ಇಂಥ ನಾಲ್ಕು ಸಾಲು ಓದಿದವರು ನೇರವಾಗಿ ವಿಷಯಕ್ಕೆ ಬರುತ್ತಾರೆ. ಮರೆವಿನ ಕಾಯಿಲೆ ಇರುವವರಿಗೆ ಸಂಜೆ ಹೊತ್ತು ಗಲಿಬಿಲಿ ಜಾಸ್ತಿಯಾಗುವುದು ಸಾಮಾನ್ಯ. ದಣಿವು, ಮಬ್ಬು ಬೆಳಕು, ಹಸಿವು, ಎಲ್ಲವೂ ಸೇರಿಕೊಳ್ಳುತ್ತವೆ. ಕೊಡುತ್ತಿರುವ ಮಾತ್ರೆಗಳ ಹೆಸರು, ಪ್ರಮಾಣವನ್ನೂ ಅದೇ ಪುಟದಲ್ಲಿ ಬರೆದಿಟ್ಟರೆ ಡಾಕ್ಟರ ಹತ್ತಿರ ತಡವರಿಸಬೇಕಾಗಿಲ್ಲ.

ಯಾರನ್ನು ಏನು ಕೇಳುವುದು

ಹಿರಿಯರ ಪಿಂಚಣಿ, ಕಾನೂನು, ವೃದ್ಧಾಶ್ರಮ, ಕಿರುಕುಳ, ಇವುಗಳ ಬಗ್ಗೆ ಮಾಹಿತಿ ಬೇಕಾದರೆ ಎಲ್ಡರ್‌ಲೈನ್ 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ, ಉಚಿತ.

ನಿಮ್ಮದೇ ಮನಸ್ಸು ಕುಗ್ಗಿದ್ದರೆ, ನಿದ್ದೆ ಬಾರದಿದ್ದರೆ, ಅತ್ತೆಯ ಮೇಲೆ ಕೈ ಎತ್ತಿಬಿಡುತ್ತೇನೋ ಎಂಬ ಹೆದರಿಕೆ ಇದ್ದರೆ ಟೆಲಿ ಮಾನಸ್ 14416. 2022ರಲ್ಲಿ ಶುರುವಾದ ಸರ್ಕಾರಿ ಸೇವೆ ಇದು. ರಾತ್ರಿ ಎರಡು ಗಂಟೆಗೂ ಕರೆ ಮಾಡಬಹುದು, ಭಾಷೆಗಳಲ್ಲಿ ಕನ್ನಡವೂ ಇದೆ. ನೋಡಿಕೊಳ್ಳುವವರು ಈ ನಂಬರು ತಮಗಲ್ಲ ಅಂದುಕೊಳ್ಳುತ್ತಾರೆ. ಅವರಿಗೇ ಮೊದಲು ಬೇಕು ಎನ್ನುವುದು ನನ್ನ ಅಭಿಪ್ರಾಯ.

ಕಾಯಿಲೆ ಗೊತ್ತಿದ್ದರೆ ಆ ಕಾಯಿಲೆಯ ಸಂಸ್ಥೆಯನ್ನೇ ಹುಡುಕಿ. ಮರೆವಿಗೆ ಎಆರ್‌ಡಿಎಸ್‌ಐ (ಆಲ್ಝೈಮರ್ಸ್ ಆ್ಯಂಡ್ ರಿಲೇಟೆಡ್ ಡಿಸಾರ್ಡರ್ಸ್ ಸೊಸೈಟಿ ಆಫ್ ಇಂಡಿಯಾ) ಇದೆ, ಮುಂಬೈಯಲ್ಲೂ ಶಾಖೆ ಇದೆ. ಪಾರ್ಕಿನ್ಸನ್ ಆದರೆ ಮುಂಬೈಯದೇ ಪಾರ್ಕಿನ್ಸನ್ಸ್ ಡಿಸೀಸ್ ಆ್ಯಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ. ಕುಟುಂಬದವರಿಗೆ ಆನ್‌ಲೈನ್ ಸಭೆ ಇದೆಯೇ, ಯಾವ ಭಾಷೆಯಲ್ಲಿ, ಎಷ್ಟು ಹೊತ್ತಿಗೆ ಎಂದು ವಿಚಾರಿಸಿ. ಇಂಗ್ಲಿಷ್ ಓದಲು ಬಂದರೆ ವಿಶ್ವ ಆರೋಗ್ಯ ಸಂಸ್ಥೆಯ ಐಸಪೋರ್ಟ್ ಪಾಠಗಳೂ ಇವೆ. ಮರೆವಿನವರನ್ನು ನೋಡಿಕೊಳ್ಳುವವರಿಗೇ ಬರೆದ 23 ಪಾಠಗಳು. ಮೊದಲಿಂದ ಓದಬೇಕೆಂದಿಲ್ಲ, ಇವತ್ತಿನ ಗೋಳು ಯಾವುದೋ ಆ ಪಾಠ ತೆಗೆಯಿರಿ.

ಗುಂಪಿನಲ್ಲಿ ಕೇಳಬಾರದ್ದು

ನಿನ್ನೆವರೆಗೆ ಸರಿಯಿದ್ದವರು ಇವತ್ತು ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡಿದರೆ, ಮಂಪರಿನಲ್ಲಿದ್ದರೆ, ವಾಟ್ಸ್‌ಆ್ಯಪ್‌ನಲ್ಲಿ ಅಭಿಪ್ರಾಯ ಕೇಳುತ್ತಾ ಕೂರಬೇಡಿ. ಮೂತ್ರದ ಸೋಂಕು, ದೇಹದಲ್ಲಿ ನೀರು ಅಥವಾ ಸೋಡಿಯಂ ಕಡಿಮೆಯಾಗುವುದು, ಹೊಸ ಮಾತ್ರೆ, ಯಾವುದೂ ಕಾರಣವಾಗಿರಬಹುದು. ಬಾಯಿ ಸೊಟ್ಟಗಾಗಿ ಕೈ ಜೋತುಬಿದ್ದರೆ ತಕ್ಷಣ 108. ಪಾರ್ಶ್ವವಾಯುವಿನಲ್ಲಿ ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಮುಂಬೈಯ ಟ್ರಾಫಿಕ್‌ನಲ್ಲಿ ಅದೇನು ಜಾಸ್ತಿ ಹೊತ್ತಲ್ಲ.

'ನಮ್ಮ ಮಾವನಿಗೆ ಈ ಮಾತ್ರೆ ಕೊಟ್ಟೆವು, ರಾತ್ರಿಯಿಡೀ ಮಲಗಿದರು' ಎಂಬ ಸಲಹೆಯೂ ಬರುತ್ತದೆ. ಕೊಡಬೇಡಿ. ಮರೆವಿನ ಹಿರಿಯರಿಗೆ ಕೆಲವು ಶಾಂತಗೊಳಿಸುವ ಮಾತ್ರೆಗಳಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಆಧಾರ್, ಪಿಂಚಣಿ ಪುಸ್ತಕದ ಫೋಟೊ ಯಾರಿಗೂ ಕಳಿಸಬೇಡಿ. ಮೋಸದಿಂದ ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಭಾಷೆಯ ತೊಡಕು

ಇದು ಮುಂಬೈಯಲ್ಲಿರುವ ನಮ್ಮ ಕನ್ನಡಿಗರಿಗೆ ವಿಶೇಷವಾಗಿ ಕಾಡುವ ವಿಷಯ. ನಲವತ್ತು ವರ್ಷ ಮರಾಠಿ ಮಾತಾಡಿದವರು ಕಾಯಿಲೆ ಬಲಿತಂತೆ ಕನ್ನಡಕ್ಕೋ ತುಳುವಿಗೋ ಮರಳುವುದುಂಟು. ಕೆಲಸದವರನ್ನು ಕಳಿಸುವ ಬ್ಯೂರೊದಿಂದ ಬರುವ ಮಾವ್ಶಿಗೆ, ಅಂದರೆ ನೋಡಿಕೊಳ್ಳುವ ಹೆಂಗಸಿಗೆ, ಒಂದಕ್ಷರ ತಿಳಿಯುವುದಿಲ್ಲ. 'ನೀರು', 'ನೋವು', 'ಒಂದಕ್ಕೆ', 'ಚಳಿ' ಎಂಬ ಹತ್ತು ಹದಿನೈದು ಮಾತುಗಳನ್ನು ದೇವನಾಗರಿಯಲ್ಲಿ ಬರೆದು, ಪಕ್ಕದಲ್ಲಿ ಮರಾಠಿ ಅರ್ಥ ಕೊಟ್ಟು ಫ್ರಿಜ್ಜಿನ ಮೇಲೆ ಅಂಟಿಸಿ. ನಿಮ್ಮ ದನಿಯಲ್ಲೇ ಹೇಳಿ ಮಾವ್ಶಿಯ ಫೋನಿಗೆ ವಾಯ್ಸ್ ಮೆಸೇಜ್ ಕಳಿಸಿದರೆ ಇನ್ನೂ ಸುಲಭ, ಅಲ್ವಾ?

ದೂರದಲ್ಲಿರುವವರಿಗೂ ಕೆಲಸ ಹಚ್ಚಿ

ಉಡುಪಿಯ ನಾದಿನಿ, ಬೆಂಗಳೂರಿನ ಮೈದುನ ದಿನಾ 'ಅಮ್ಮ ಹೇಗಿದ್ದಾರೆ' ಅಂತ ಕೇಳುತ್ತಾರೆ. ಉತ್ತರಿಸುವುದೇ ನಿಮಗೊಂದು ಕೆಲಸ. ಕುಟುಂಬದ ಗುಂಪಿನಲ್ಲಿ ಹೆಸರು ಹಿಡಿದು ಹಂಚಿಬಿಡಿ. ಮೈದುನ ಮಾತ್ರೆ ಆರ್ಡರ್ ಮಾಡಲಿ, ವಿಮೆಯ ಕಾಗದಪತ್ರ ನೋಡಲಿ, ನವೆಂಬರ್‌ನಲ್ಲಿ ಪಿಂಚಣಿಯ ಜೀವನ್ ಪ್ರಮಾಣ್ (ಪಿಂಚಣಿದಾರರು ಬದುಕಿದ್ದಾರೆ ಎಂಬ ಪ್ರಮಾಣಪತ್ರ) ನೆನಪಿಸಲಿ. ಅದನ್ನು ಈಗ ಮುಖ ತೋರಿಸಿ ಮೊಬೈಲ್‌ನಲ್ಲೇ ಮಾಡಬಹುದು, ಬ್ಯಾಂಕಿಗೆ ಕರೆದೊಯ್ಯುವ ಪಾಡಿಲ್ಲ. ನಾದಿನಿ ಭಾನುವಾರ ಮಧ್ಯಾಹ್ನ, ಮಾವ್ಶಿ ಮನೆಯಲ್ಲಿರುವ ಹೊತ್ತಿಗೆ, ವಿಡಿಯೊ ಕಾಲ್‌ನಲ್ಲಿ ಅಮ್ಮನ ಜೊತೆ ಕೂತು ಊರಿನ ಸುದ್ದಿ ಹೇಳಲಿ. ಆ ಹೊತ್ತಿನಲ್ಲಿ ನೀವು ಪಾತ್ರೆ ತೊಳೆಯಲು ಹೋಗಬೇಡಿ, ಮಲಗಿ.