ಸೋಮವಾರ ಬಂಗಡೆ ತೋರಿಸಬೇಡಿ

ಕಾರವಾರದಲ್ಲಿ ಮೀನು ಮಾರುವ ಒಂದು ಸಣ್ಣ ಆ್ಯಪ್ ನಡೆಸುತ್ತೇನೆ. ಮೊದಲು ನನ್ನ ಶಿಫಾರಸು ಪಟ್ಟಿ ಹಳೆ ಖರೀದಿಯನ್ನಷ್ಟೇ ನೋಡುತ್ತಿತ್ತು. ಒಂದು ಸೋಮವಾರ ಅತ್ತೆ ಫೋನ್ ಹಿಡಿದುಕೊಂಡೇ ಬಂದರು. "ಇವತ್ತು ನಾನು ಮೀನು ಮುಟ್ಟೋದಿಲ್ಲ ಅಂತ ಗೊತ್ತಿಲ್ವೇನೋ?"

ಯಾರು ಅನ್ನೋದರ ಜೊತೆ ಯಾವಾಗ, ಎಲ್ಲಿ ಅನ್ನೋದೂ ಬೇಕು, ಅಲ್ವಾ? ಪಟ್ಟಿ ತೋರಿಸಿದ ಕ್ಷಣದಲ್ಲೇ ವಾರದ ಯಾವ ದಿನ, ಗಂಟೆ, ಪಿನ್‌ಕೋಡ್ ಬರೆದಿಡಿ. ತೋರಿಸಿದರೂ ಒತ್ತದೇ ಬಿಟ್ಟದ್ದನ್ನೂ ಬರೆದಿಡಿ. ಜಿಪಿಎಸ್ ಸುಮ್ನೆ ಕೇಳಬೇಡಿ, ಶಿರಸಿಗೋ ಕಾರವಾರಕ್ಕೋ ಅಂತ ತಿಳಿಯಲು ಪಿನ್‌ಕೋಡ್ ಸಾಕು.

ಗಂಟೆಯಲ್ಲಿ ನಾನು ಎಡವಿದ್ದೆ. ರಾತ್ರಿ 23 ಮತ್ತು 0 ಅಕ್ಕಪಕ್ಕದ ಗಂಟೆಗಳು. ಬರೀ ಸಂಖ್ಯೆ ಕೊಟ್ಟರೆ ಮಾಡೆಲ್‌ಗೆ, ಅಂದರೆ ಹಳೆ ಡೇಟಾದಿಂದ ಕಲಿತು ಪಟ್ಟಿ ಮಾಡುವ ಪ್ರೋಗ್ರಾಂಗೆ, ಅವು ಬಲು ದೂರ. ಗಂಟೆಯನ್ನು 24ರಿಂದ ಭಾಗಿಸಿ, 360 ಡಿಗ್ರಿಯಿಂದ ಗುಣಿಸಿ. ಬಂದ ಕೋನದ ಸೈನ್, ಕೊಸೈನ್ ಎರಡನ್ನೂ ಕೊಡಿ. ಗಂಟೆ ಗಡಿಯಾರದಂತೆ ಸುತ್ತುತ್ತದೆ.

ಶುರುವಿಗೆ ಹಳೆ ಮಾಡೆಲ್ ಹಾಗೇ ಇರಲಿ, ಕೊನೆಯಲ್ಲಿ ಪಟ್ಟಿಯನ್ನು ಸೋಸುವ ಒಂದು ಜರಡಿ ಹಾಕಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಆಗ ನಮ್ಮಲ್ಲಿ ಒಣಮೀನು ಮೇಲೆ ಬರುತ್ತದೆ. ಇದಕ್ಕೆ ಮಾಡೆಲ್ ಯಾಕೆ, ಎರಡು ಸಾಲು ಕೋಡ್ ಸಾಕು.

ಸಂದರ್ಭಗಳನ್ನು ಜಾಸ್ತಿ ಸೀಳಲೂಬೇಡಿ. 'ಮಳೆ, ಭಾನುವಾರ, ಬೆಳಿಗ್ಗೆ 8, ಕೋಡಿಬಾಗ' ಅಂದರೆ ನನಗೆ ಸಿಕ್ಕಿದ್ದು ಮೂರೇ ಆರ್ಡರ್. ಅದರಿಂದ ಏನು ಕಲಿಯೋದು? 'ವಾರಾಂತ್ಯದ ಬೆಳಿಗ್ಗೆ' ಅಂತ ಒಟ್ಟು ಮಾಡಿದೆ.

ಮಾಡೆಲ್ ಪರೀಕ್ಷೆಗೆ ಡೇಟಾದ ದಿನಾಂಕಗಳನ್ನು ಹಿಂದುಮುಂದಾಗಿ ಕಲಸಬೇಡಿ. ಏಪ್ರಿಲ್‌ವರೆಗಿನದರಲ್ಲಿ ಕಲಿಸಿ, ಮೇ ತಿಂಗಳಿನದರಲ್ಲಿ ಪರೀಕ್ಷಿಸಿ ನೋಡಿ. ಅತ್ತೆಗೆ ಈಗ ಸೋಮವಾರ ತೆಂಗಿನಕಾಯಿ, ಕೋಕಂ ಕಾಣಿಸುತ್ತದೆ.