ಬೇಡದ ಸಾಲು ತೆಗೆಯುವ ಮುಂಚೆ ಒಮ್ಮೆ ನೋಡಿ

ಸ್ಪೆಲ್‌ಚೆಕ್ಕಿಗೆ ಬಳಸುವ ಕನ್ನಡ ಪದಗಳ ಫೈಲೊಂದು ನಿಮ್ಮ ಹತ್ತಿರ ಇದೆ ಅಂದುಕೊಳ್ಳಿ. ಸಾಲಿಗೊಂದು ಪದ, ಒಂದು ಲಕ್ಷ ಸಾಲು. ನಡುನಡುವೆ ಖಾಲಿ ಸಾಲು, # ಹಾಕಿದ ಟಿಪ್ಪಣಿ, ಎರಡೆರಡು ಸಲ ಬಂದ ಪದ, ತಪ್ಪು ಕಾಗುಣಿತ ಎಲ್ಲ ಸೇರಿಕೊಂಡಿವೆ. ಎಡಿಟರಿನಲ್ಲಿ ಒಂದೊಂದೇ ಅಳಿಸುತ್ತಾ ಕೂತರೆ ವಾರವೂ ಸಾಲದು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡು ಟೈಪ್ ಮಾಡುವ ಕಿಟಕಿಯಲ್ಲಿ, ಇದು ಸ್ವಲ್ಪ ಹೊತ್ತಿನ ಕೆಲಸ. ಕಮಾಂಡುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಫೈಲಿನ ಹೆಸರು ಕನ್ನಡದಲ್ಲೇ ಇರಲಿ, ಲಿನಕ್ಸ್‌ಗೆ ಅದರಿಂದ ಏನೂ ತೊಂದರೆ ಇಲ್ಲ.

ಮುಖ್ಯವಾಗಿ ಬೇಕಾದದ್ದು ಗ್ರೆಪ್. ಕೆನ್ ಥಾಂಪ್ಸನ್ ಹಳೆಯ ಆಪರೇಟಿಂಗ್ ಸಿಸ್ಟಂ ಆದ ಯುನಿಕ್ಸ್‌ಗೆ ಬರೆದದ್ದು, 1973ರಿಂದಲೂ ಇದೆ. ಹುಡುಕಿದ್ದು ಯಾವ ಸಾಲಿನಲ್ಲಿ ಇದೆಯೋ ಆ ಸಾಲನ್ನು ತೋರಿಸುತ್ತದೆ. -ವಿ ಸೇರಿಸಿದರೆ ಉಲ್ಟಾ, ಆ ಸಾಲುಗಳನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತದೆ.

ಗ್ರೆಪ್ -ವಿ '^#' ಪದಪಟ್ಟಿ > ಹೊಸಪಟ್ಟಿ

^ ಅಂದರೆ ಸಾಲಿನ ಶುರು, $ ಅಂದರೆ ಕೊನೆ. > ಅಂದರೆ ಬಂದದ್ದನ್ನೆಲ್ಲ ಅದರ ಮುಂದಿರುವ ಹೆಸರಿನ ಫೈಲಿಗೆ ಬರೆ. ಹಾಗಾಗಿ '^ *$' ಕೊಟ್ಟರೆ ಖಾಲಿ ಸಾಲುಗಳ ಜೊತೆ ಬರೀ ಸ್ಪೇಸ್ ಇರುವ ಸಾಲುಗಳೂ ಹೋಗುತ್ತವೆ.

ಆದರೆ ದಯವಿಟ್ಟು ಮೊದಲ ಸಲವೇ -ವಿ ಹಾಕಬೇಡಿ. ಅದಿಲ್ಲದೆ ಒಮ್ಮೆ ಓಡಿಸಿ, ಯಾವ ಸಾಲುಗಳು ಹೋಗಲಿವೆ ಅಂತ ಕಣ್ಣಾರೆ ನೋಡಿ. -ಸಿ ಹಾಕಿದರೆ ಎಷ್ಟು ಸಾಲು ಅನ್ನುವುದೂ ಗೊತ್ತಾಗುತ್ತದೆ. ಕನ್ನಡದಲ್ಲಂತೂ ಇದು ಬೇಕೇ ಬೇಕು, ಯಾಕೆ ಅಂತ ಹೇಳುತ್ತೇನೆ. 'ಮರ' ಅನ್ನುವ ಒಂದು ಪದ ತೆಗೆಯಬೇಕು ಅಂತ ಗ್ರೆಪ್ -ವಿ 'ಮರ' ಕೊಟ್ಟಿರಿ ಅನ್ನಿ. ಅಮರ, ಮರಳು ಹೋಗುತ್ತವೆ, ಅದು ಊಹಿಸಬಹುದಾದದ್ದೇ. ಆದರೆ ಮರಿ, ಮರೆ, ಮರುದಿನ ಕೂಡ ಹೋಗುತ್ತವೆ! ನಮ್ಮ ಕಣ್ಣಿಗೆ 'ರಿ' ಒಂದೇ ಅಕ್ಷರ, ಕಂಪ್ಯೂಟರಿಗೆ ಅದು 'ರ', ಆಮೇಲೆ ಗುಡಿಸು, ಹೀಗೆ ಎರಡು. ಹಾಗಾಗಿ 'ಮರಿ'ಯೊಳಗೆ ಅದಕ್ಕೆ 'ಮರ' ಸಿಕ್ಕೇ ಸಿಗುತ್ತದೆ. ಇದಕ್ಕೆ ಪರಿಹಾರ -ಎಕ್ಸ್. ಇಡೀ ಸಾಲು ಹೊಂದಿದರೆ ಮಾತ್ರ ಲೆಕ್ಕ.

ತೆಗೆಯಬೇಕಾದ ಪದ ನೂರಾರು ಇದ್ದರೆ ಅವನ್ನೆಲ್ಲ ತಪ್ಪುಪಟ್ಟಿ ಅಂತ ಬೇರೆ ಫೈಲಿಗೆ ಹಾಕಿ. ಆಮೇಲೆ -ವಿ, -ಎಕ್ಸ್, ದೊಡ್ಡಕ್ಷರದ -ಎಫ್, ಕೊನೆಗೆ ಚಿಕ್ಕಕ್ಷರದ -ಎಫ್ ಬರೆದು ಅದರ ಪಕ್ಕದಲ್ಲೇ ತಪ್ಪುಪಟ್ಟಿಯ ಹೆಸರು ಕೊಡಿ. ಚಿಕ್ಕದು ಪದಗಳನ್ನು ಆ ಫೈಲಿನಿಂದ ಓದು ಅನ್ನುತ್ತದೆ, ದೊಡ್ಡದು ಚುಕ್ಕಿ, ನಕ್ಷತ್ರಗಳಿಗೆ ವಿಶೇಷ ಅರ್ಥ ಕೊಡಬೇಡ ಅನ್ನುತ್ತದೆ. -ಎಕ್ಸ್ ಮರೆತು, ತಪ್ಪುಪಟ್ಟಿಯಲ್ಲಿ ಒಂದೇ ಒಂದು ಖಾಲಿ ಸಾಲು ಉಳಿದಿದ್ದರೂ ಸಾಕು, ಅದು ಪ್ರತಿ ಸಾಲಿಗೂ ಹೊಂದುತ್ತದೆ, ಹೊಸಪಟ್ಟಿ ಪೂರ್ತಿ ಖಾಲಿ.

ಕೆಲವೊಮ್ಮೆ ಎಲ್ಲ ಸರಿಯಾಗಿ ಬರೆದರೂ ಒಂದು ಸಾಲೂ ಹೋಗುವುದಿಲ್ಲ. ತಪ್ಪುಪಟ್ಟಿ ವಿಂಡೋಸ್‌ನಲ್ಲಿ ತಯಾರಾಗಿದ್ದರೆ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಗುರುತು ಇರಬಹುದು. 'ಫೈಲ್' ಕಮಾಂಡು ಕೊಟ್ಟು ನೋಡಿ, ಸಿಆರ್‌ಎಲ್‌ಎಫ್ ಅಂತ ಬಂದರೆ ಆ ಗುರುತು ತೆಗೆಯುವ ಡಾಸ್2ಯುನಿಕ್ಸ್ ಓಡಿಸಿ. ಆಗಲೂ ಒಂದೆರಡು ಪದ ಹಟ ಹಿಡಿದರೆ 'ಕೊ' ತರಹದ ಅಕ್ಷರ ಇದೆಯಾ ನೋಡಿ. ಅದರ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಕೊಂಬು ಸೇರಿಸಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಗ್ರೆಪ್‌ಗೆ ಬೇರೆ ಬೇರೆ.

ಎರಡು ಸಲ ಬಂದ ಪದಕ್ಕೆ ಸಾರ್ಟ್ -ಯು ಸಾಕು, ಆದರೆ ಸಾಲುಗಳ ಕ್ರಮ ಬದಲಾಗುತ್ತದೆ. ಕ್ರಮ ಹಾಗೇ ಇರಬೇಕಾದರೆ ಆಕ್ (awk) ಬಳಸಿ:

ಆಕ್ '!ಎ[$0]++' ಹೊಸಪಟ್ಟಿ > ಕೊನೆಪಟ್ಟಿ

ಪ್ರತಿ ಸಲವೂ > ಆದಮೇಲೆ ಬೇರೆ ಹೆಸರು ಕೊಡುತ್ತಿದ್ದೇನೆ, ಗಮನಿಸಿದಿರಾ? ಅದೇ ಫೈಲಿನ ಹೆಸರು ಕೊಟ್ಟರೆ ಗ್ರೆಪ್ ಓದಲು ಶುರು ಮಾಡುವ ಮುಂಚೆಯೇ ಶೆಲ್, ಅಂದರೆ ನಮ್ಮ ಕಮಾಂಡುಗಳನ್ನು ಓದಿ ಓಡಿಸುವ ಪ್ರೋಗ್ರಾಮು, ಆ ಫೈಲನ್ನು ಖಾಲಿ ಮಾಡಿಬಿಡುತ್ತದೆ. ಹೀಗೆ ಒಂದು ಇಡೀ ದಿನದ ಕೆಲಸ ಕಳೆದುಕೊಂಡು ತುಂಬಾ ಸಂಕಟಪಟ್ಟಿದ್ದೇನೆ, ಕಾಪಿಯೂ ಇರಲಿಲ್ಲ. ಈಗ ಕೊನೆಗೆ, ಎರಡು ಫೈಲುಗಳ ವ್ಯತ್ಯಾಸ ತೋರಿಸುವ ಡಿಫ್ ಬಳಸಿ, ಡಿಫ್ ಪದಪಟ್ಟಿ ಕೊನೆಪಟ್ಟಿ ಅಂತ ಕೊಟ್ಟು, < ಗುರುತಿನ ಸಾಲುಗಳನ್ನು, ಅಂದರೆ ಹೋದ ಸಾಲುಗಳನ್ನು, ಮೇಲಿಂದ ಕೆಳಗೆ ಓದುತ್ತೇನೆ. ಆಮೇಲೆಯೇ ಎಂವಿ ಕೊಟ್ಟು ಹಳೆಯದರ ಜಾಗಕ್ಕೆ ಹೊಸದನ್ನು ಹಾಕುವುದು.